ಬಿಡುತ್ತಿರುವ ಗೃಹಸ್ಥರು

ತಂಬಾಕಿನ ವಿಷಯದಲ್ಲಿ ಜನರನ್ನು ಸೇದುವವರು, ಸೇದದವರು, ಸೇದಿ ಬಿಟ್ಟವರು ಎಂದು ಮೂರು ಪಂಗಡ ಮಾಡುವುದು ಸಮೀಕ್ಷೆ ನಡೆಸುವವರ ವಾಡಿಕೆಯಾದರೂ, ಬೆಂಗಳೂರಿನ ಕಚೇರಿಗಳ ಮೆಟ್ಟಿಲಿನಲ್ಲೋ ಕಲ್ಯಾಣಮಂಟಪಗಳ ಹಿಂಬಾಗಿಲಿನಲ್ಲೋ ಸ್ವಲ್ಪ ಹೊತ್ತು ನಿಂತವರಿಗೆ, ಈ ಮೂರಕ್ಕೂ ಸೇರದ, ಸಂಖ್ಯೆಯಲ್ಲಿ ಅಲ್ಪವಾಗಿದ್ದರೂ ಮಾತಿನಲ್ಲಿ ಬಹುಸಂಖ್ಯಾತವಾದ ನಾಲ್ಕನೆಯ ಪಂಗಡವೊಂದು ಎದುರಾಗದೆ ಇರುವುದಿಲ್ಲ. ಇವರು ಬಿಡುತ್ತಿರುವವರು. ಬಿಟ್ಟವರಿಗೆ ಆ ಸಂಗತಿ ಮರೆತೇ ಹೋಗಿರುತ್ತದೆ, ಸೇದುವವರಿಗೆ ಅದರ ಬಗ್ಗೆ ಮಾತಾಡಲು ಬಾಯಿ ಖಾಲಿಯಿರುವುದಿಲ್ಲ; ಬಿಡುತ್ತಿರುವವರಿಗೆ ಮಾತ್ರ ಅದೊಂದೇ ಪೂರ್ಣಾವಧಿ ಉದ್ಯೋಗ. ಈ ಪಂಗಡದ ಪ್ರತಿನಿಧಿಯನ್ನು, ಮನೆಮಂದಿಯ ಮರ್ಯಾದೆಯನ್ನು ಲಕ್ಷದಲ್ಲಿಟ್ಟು, ಇಲ್ಲಿ ಗೃಹಸ್ಥರು ಎಂದಷ್ಟೇ ಕರೆಯಲಾಗಿದೆ. ವಯಸ್ಸು ನಲವತ್ತೈದರ ಆಸುಪಾಸು, ಕಾಲೇಜಿಗೆ ಹೋಗುವ ಮಗಳು, ಈಚೆಗೆ ಮಾಡಿಸಿದ ರಕ್ತಪರೀಕ್ಷೆಯ ವರದಿ, ಅಂಗಿಯ ಜೇಬಿನಲ್ಲಿ ಮೊದಲು ಪ್ಯಾಕು ಇರುತ್ತಿದ್ದ ಜಾಗದಲ್ಲಿ ಈಗ ಒಂದು ಮಾತ್ರೆಯ ಪಟ್ಟಿ: ಗುರುತಿಗೆ ಇಷ್ಟು ಸಾಕು.

ಆ ಪಟ್ಟಿಯಲ್ಲಿರುವುದು ನಿಕೋಟಿನ್ ಲೋಜೆಂಜ್, ಅಂದರೆ ನುಂಗದೆ, ಕಡಿಯದೆ, ಬಾಯಲ್ಲಿಟ್ಟುಕೊಂಡು ಕರಗಿಸಬೇಕಾದ ಮಾತ್ರೆ. ಚಟ ಹಿಡಿಸುವುದು ನಿಕೋಟಿನ್ ಆದರೂ ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುವ ಕೆಲಸದ ಬಹುಪಾಲನ್ನು ವಹಿಸಿಕೊಂಡಿರುವುದು ಹೊಗೆಯಲ್ಲಿರುವ ಟಾರು, ಕಾರ್ಬನ್ ಮಾನಾಕ್ಸೈಡು ಮೊದಲಾದವು. ಆದ್ದರಿಂದ ಹೊಗೆಯನ್ನು ಕಳೆದು ನಿಕೋಟಿನ್ ಒಂದನ್ನೇ ಅಳತೆಯಲ್ಲಿ ಕೊಟ್ಟು, ವಾರ ಕಳೆದಂತೆ ಆ ಅಳತೆಯನ್ನೂ ಇಳಿಸುತ್ತ ಬರುವ ಕ್ರಮಕ್ಕೆ ನಿಕೋಟಿನ್ ಬದಲಿ ಚಿಕಿತ್ಸೆ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2009ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮಾತ್ರೆ 2 ಮತ್ತು 4 ಮಿಲಿಗ್ರಾಂ ಎಂಬ ಎರಡು ಬಗೆಯಲ್ಲಿ ಬರುತ್ತದೆ. ಯಾರಿಗೆ ಯಾವುದು ಎಂಬುದನ್ನು ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತಿದ್ದರು ಎಂಬ ಒಂದೇ ಪ್ರಶ್ನೆಯಿಂದ ತೀರ್ಮಾನಿಸುವ ಪದ್ಧತಿಯಿದ್ದು, 30 ನಿಮಿಷದೊಳಗೆ ಹಚ್ಚುತ್ತಿದ್ದವರಿಗೆ 4, ಆಮೇಲೆ ಹಚ್ಚುತ್ತಿದ್ದವರಿಗೆ 2 ಎಂದು ಲೆಕ್ಕ.

ಗೃಹಸ್ಥರ ಚರಿತ್ರೆಯ ಮೊದಲ ಸುಳ್ಳು ಹುಟ್ಟುವುದು ಇದೇ ಪ್ರಶ್ನೆಯ ಮುಂದೆ. ವಾಕಿಂಗ್ ಮುಗಿಸಿ, ಪೇಪರು ಓದಿ, ಸ್ನಾನವಾದ ಮೇಲೆಯೇ ಎಂದು ಅವರು ಮೆಡಿಕಲ್ ಶಾಪಿನ ಹುಡುಗನಿಗೆ ಗಂಭೀರವಾಗಿ ಹೇಳುತ್ತಿರುವಾಗ, ಪಕ್ಕದಲ್ಲಿ ನಿಂತ ಮನೆಯಾಕೆ, “ರೀ, ಕಡ್ಡಿಪೆಟ್ಟಿಗೆ ಕೈಗೆ ಸಿಗೋವರೆಗೂ ಕನ್ನಡಕಾನೂ ಹುಡುಕ್ತಿರಲಿಲ್ಲ ನೀವು” ಎಂದು ಸಾಕ್ಷ್ಯ ನುಡಿಯುತ್ತಾರೆ. ಸಿಗರೇಟು ಹಚ್ಚದೆ ಹೊಟ್ಟೆ ಕದಲುವುದಿಲ್ಲವೆಂಬ ಕಾರಣ ಕೊಟ್ಟು ಇಪ್ಪತ್ತು ವರ್ಷ ಮನೆಯ ಬಚ್ಚಲಿಗೆ ಹೊಗೆ ಹಾಕಿದವರು ಇವರೇ ಎಂಬುದು ಬೀದಿಗೆಲ್ಲ ಗೊತ್ತಿದ್ದರೂ, ಕೊನೆಗೆ ಕೊಳ್ಳುವುದು 2 ಮಿಲಿಗ್ರಾಮಿನದನ್ನೇ. ಏಕೆಂದರೆ 4 ಬೇಕೆಂದರೆ ವೈದ್ಯರ ಚೀಟಿ ಬೇಕು, ಚೀಟಿ ಬೇಕೆಂದರೆ ವೈದ್ಯರ ಹತ್ತಿರ ಹೋಗಬೇಕು, ವೈದ್ಯರ ಹತ್ತಿರ ಹೋದರೆ ಅವರು ಇದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ.

ಮಾತ್ರೆಯನ್ನು ಬಾಯಲ್ಲಿಟ್ಟುಕೊಳ್ಳುವುದೇ ಒಂದು ವಿದ್ಯೆ. ಅದನ್ನು ಕೆನ್ನೆಗೂ ವಸಡಿಗೂ ನಡುವೆ ಇರಿಸಿ, ಆಗಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತ, 20ರಿಂದ 30 ನಿಮಿಷ ಕರಗಲು ಬಿಡಬೇಕು. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರಬೇಕಲ್ಲದೆ, ಅವಸರ ಮಾಡಿ ಜೊಲ್ಲಿನೊಂದಿಗೆ ಹೊಟ್ಟೆಗೆ ಇಳಿಸಿದರೆ ಎದೆಯುರಿ, ಓಕರಿಕೆ, ಬಿಕ್ಕಳಿಕೆ ಕಟ್ಟಿಟ್ಟದ್ದು. ಗೃಹಸ್ಥರು ಮೊದಲ ದಿನ ಅದನ್ನು ಪೆಪ್ಪರ್‌ಮಿಂಟಿನಂತೆ ಚಪ್ಪರಿಸಿ, ಇನ್ನರ್ಧ ಉಳಿದಾಗ ತಾಳ್ಮೆಗೆಟ್ಟು ಕಟಕ್ಕನೆ ಕಡಿದು, ಮೇಲಧಿಕಾರಿಯ ಸಭೆಯಲ್ಲಿ ವಾರ್ಷಿಕ ಗುರಿಯ ಪ್ರಸ್ತಾಪ ಬಂದ ಕ್ಷಣದಲ್ಲೇ ಜೋರಾಗಿ ಬಿಕ್ಕುತ್ತಾರೆ. ಸಭೆ ಅದನ್ನು ಗುರಿಯ ಮೇಲಿನ ಟೀಕೆಯೆಂದು ಭಾವಿಸುತ್ತದೆ.

ಎರಡನೆಯ ವಾರಕ್ಕೆ ಕೈ, ಅಂದರೆ ದವಡೆ, ಪಳಗುತ್ತದೆ. ಕೆನ್ನೆ ಒಂದು ಬದಿಗೆ ಉಬ್ಬಿ, ಮಾತು ತುಸು ತೊದಲಾಗಿ, ತಲೆ ಹಿಂದಕ್ಕೆ ವಾಲಿದ ಆ ಭಂಗಿಯಲ್ಲಿ ಗೃಹಸ್ಥರು ಊರಿಗೆ ಹೋದಾಗ ಅವರ ತಾಯಿ ನೋಡಿ, “ಏನೋ ಅದು, ನಿಮ್ಮಜ್ಜಿ ಹಂಗೆ ಕಡ್ಡಿಪುಡಿ ಒತ್ಕೊಂಡಿದೀಯಲ್ಲೋ” ಎನ್ನುತ್ತಾರೆ. ಊರು ಪಿರಿಯಾಪಟ್ಟಣದ ಕಡೆಯದು, ಹುಣಸೂರು, ಎಚ್.ಡಿ. ಕೋಟೆಗಳನ್ನೂ ಸೇರಿಸಿ ಆ ಸೀಮೆಯಲ್ಲಿ ಸಿಗರೇಟಿಗೆ ಒದಗುವ ಹೊಗೆಸೊಪ್ಪೇ ಮುಖ್ಯ ಬೆಳೆಗಳಲ್ಲೊಂದಾಗಿದ್ದು, ಬ್ಯಾರನ್ ಎಂದು ಕರೆಯುವ ಎತ್ತರದ ಮನೆಗಳಲ್ಲಿ ಅದನ್ನು ಶಾಖ ಕೊಟ್ಟು ಹದ ಮಾಡುತ್ತಾರೆ. ಗೃಹಸ್ಥರ ಕಾಲೇಜು ಫೀಜು, ಹಾಸ್ಟೆಲು ಖರ್ಚು ಎರಡೂ ಹುಟ್ಟಿದ್ದು ಅಂಥದೊಂದು ಬ್ಯಾರನ್ನಿನಲ್ಲಿ ಎಂಬುದನ್ನು, ತಂಬಾಕಿನ ಮೇಲೆ ಭಾಷಣ ಮಾಡುವಾಗ ಅವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ತಾಯಿಯ ಮಾತಿನಲ್ಲಿ ಅವರಿಗೇ ತಿಳಿಯದ ರಸಾಯನಶಾಸ್ತ್ರವಿದೆ. ಅಜ್ಜಿ ಹೊಗೆಸೊಪ್ಪಿಗೆ ಸುಣ್ಣ ತೀಡುತ್ತಿದ್ದದ್ದು ಬರಿಯ ರುಚಿಗಲ್ಲ: ಸುಣ್ಣ ಕ್ಷಾರ, ಕ್ಷಾರದ ನಡುವೆ ನಿಕೋಟಿನ್ ವಿದ್ಯುದಂಶ ಕಳೆದುಕೊಂಡು ಬಾಯಿಯ ಪೊರೆಯನ್ನು ಸಲೀಸಾಗಿ ದಾಟುತ್ತದೆ, ಆಮ್ಲದ ನಡುವೆ ಅದು ಹೊರಗೇ ಉಳಿಯುತ್ತದೆ. ಲೋಜೆಂಜ್ ತಯಾರಿಸುವವರೂ ಇದೇ ಉದ್ದೇಶಕ್ಕೆ ಮಾತ್ರೆಯೊಳಗೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರವನ್ನು ಬೆರೆಸುತ್ತಾರೆ. ಅಜ್ಜಿಯ ಕವಳದಲ್ಲಿ ಬಾಯಿ ಕ್ಯಾನ್ಸರಿಗೂ ಜಾಗವಿತ್ತು, ಮಾತ್ರೆಯಲ್ಲಿ ತಂಬಾಕಿನ ಎಲೆಯೇ ಇಲ್ಲ ಎಂಬ ದೊಡ್ಡ ವ್ಯತ್ಯಾಸವನ್ನು ಮರೆಯದೆಯೂ, ಸುಣ್ಣದ ಡಬ್ಬಿ ಕೈಯಲ್ಲಿ ಹಿಡಿದ ಅಜ್ಜಿ ಔಷಧ ಕಂಪನಿಗಳಿಗಿಂತ ಬಹಳ ಮುಂಚೆಯೇ ಸೂತ್ರ ತಿಳಿದಿದ್ದರೆನ್ನಲು ಅಡ್ಡಿಯಿಲ್ಲ.

ಇದೇ ಸೂತ್ರ ಗೃಹಸ್ಥರ ಬಾಳಿನ ಇನ್ನೊಂದು ಆಸರೆಯಾದ ಕಾಫಿಗೆ ಬಂದು ತಾಗುತ್ತದೆ. ಕಾಫಿ ಆಮ್ಲ. ಕಾಫಿ ಮತ್ತು ಕೋಲಾ ಕುಡಿದ ಬಾಯಿ ನಿಕೋಟಿನ್ ಗಮ್ಮಿನಿಂದ ನಿಕೋಟಿನ್ ಹೀರಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆಂದು 1990ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಲೋಜೆಂಜಿಗೂ ಮೊದಲಿನ 15 ನಿಮಿಷ ಮತ್ತು ಅದು ಕರಗುವಷ್ಟು ಹೊತ್ತು ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮವಿದೆ. ಮೊದಲ ಆರು ವಾರ ದಿನಕ್ಕೆ ಕನಿಷ್ಠ 9 ಮಾತ್ರೆ ಬೇಕು, ಒಂದೊಂದಕ್ಕೂ ಮೊದಲಿನ ಹೊತ್ತೂ ಸೇರಿ 45 ನಿಮಿಷ ಎಂದರೆ, ದಿನದಲ್ಲಿ 6 ಮುಕ್ಕಾಲು ಗಂಟೆ ಕಾಫಿನಿಷೇಧ. ಗೃಹಸ್ಥರು ಈ ಲೆಕ್ಕವನ್ನು ಕಚೇರಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿ, ಕಳೆದು, ಸರ್ಕಾರ ಕೂಡ ಇಷ್ಟು ಕಠಿಣವಾದ ಆಜ್ಞೆ ಹೊರಡಿಸಿಲ್ಲವೆಂದು ಘೋಷಿಸುತ್ತಾರೆ. ದರ್ಶಿನಿಯಲ್ಲಿ ಬೈಟು ಕಾಫಿಯ ಇನ್ನೊಂದು ಲೋಟಕ್ಕೆ ವಾರಸುದಾರರಿಲ್ಲದೆ ಸಹೋದ್ಯೋಗಿ ಪೇಚಿಗೆ ಸಿಲುಕುತ್ತಾನೆ. ಹಾಗೆಂದು ಕಾಫಿ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. ಕರಗಿದ್ದೇ ತಡ, ತಡೆಹಿಡಿದಿದ್ದ ಎರಡು ಲೋಟವನ್ನು ಒಟ್ಟಿಗೆ ಇಳಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ಹೈಡ್ರೋಕಾರ್ಬನ್ನುಗಳು ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತವೆ. ಹೊಗೆ ನಿಂತ ಮೇಲೆ ಆ ಚುರುಕೂ ನಿಂತು, ಮೊದಲಿನಷ್ಟೇ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈನಡುಕ, ನಿದ್ದೆಗೇಡು, ಮಗಳ ಮೊಬೈಲಿನ ಮೇಲಿನ ಸಿಟ್ಟು ಇವೆಲ್ಲವನ್ನೂ ಗೃಹಸ್ಥರು ತಮ್ಮ ತ್ಯಾಗದ ಖಾತೆಗೆ ಜಮಾ ಮಾಡಿಕೊಳ್ಳುವಾಗ, ಅದರಲ್ಲೊಂದು ಪಾಲು ಫಿಲ್ಟರ್ ಕಾಫಿಯ ಖಾತೆಗೆ ಸೇರಬೇಕಾದದ್ದೆಂಬುದು ಅವರಿಗೆ ಹೊಳೆಯುವುದಿಲ್ಲ.

ಇಂಥವರಿಗೆ ಒಂದು ಪುರಾಣವೂ ಬೇಕು, ಅದು ಸ್ವೀಡನ್ನಿನಿಂದ ಬಂದಿದೆ. 1967ರಲ್ಲಿ ಲುಂಡ್ ನಗರದ ಕ್ಲಾಸ್ ಲುಂಡ್‌ಗ್ರೆನ್ ಎಂಬ ವೈದ್ಯರು, ಸೇದಲು ಅವಕಾಶವಿಲ್ಲದ ಜಲಾಂತರ್ಗಾಮಿಯ ನಾವಿಕರು ಬಾಯಲ್ಲಿಡುವ ತಂಬಾಕಿನಿಂದ ಸುಧಾರಿಸಿಕೊಳ್ಳುವುದನ್ನು ಗಮನಿಸಿ, ಔಷಧ ಕಂಪನಿಯೊಂದರಲ್ಲಿದ್ದ ಓವೆ ಫರ್ನೋ ಎಂಬ ವಿಜ್ಞಾನಿಗೆ ಪತ್ರ ಬರೆದರು. ಅದರಿಂದ ಹುಟ್ಟಿದ ನಿಕೋಟಿನ್ ಚ್ಯೂಯಿಂಗ್ ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಔಷಧವೆಂದು ಒಪ್ಪಿಗೆ ಪಡೆಯಿತು, ಲೋಜೆಂಜಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2002ರಲ್ಲಿ. ಗೃಹಸ್ಥರು ಈ ಕಥೆಯನ್ನು ಗೃಹಪ್ರವೇಶ, ನಾಮಕರಣ, ಲಿಫ್ಟು ಎಂಬ ಭೇದವಿಲ್ಲದೆ ಹೇಳುತ್ತಾರೆ. ಪ್ರತಿ ಸಲವೂ ಜಲಾಂತರ್ಗಾಮಿ ಒಂದಿಷ್ಟು ಆಳಕ್ಕೆ ಇಳಿಯುತ್ತದೆ, ಕೇಳುಗರು ಮೇಲೇಳುವ ದಾರಿ ಹುಡುಕುತ್ತಾರೆ. ಗಮ್ಮನ್ನು ಬಿಟ್ಟು ಲೋಜೆಂಜನ್ನೇ ಆರಿಸಿದ್ದೇಕೆಂದು ಕೇಳಿದರೆ ಹಲ್ಲಿನ ಸೇತುವೆಯ ನೆಪ ಹೇಳುತ್ತಾರೆ. ಮಾವನವರ ಎದುರು ಬಾಯಾಡಿಸುತ್ತ ಕೂರಲಾಗದು ಎಂಬುದು ನಿಜವಾದ ಕಾರಣ.

ಇಷ್ಟೆಲ್ಲ ಬಲ್ಲವರು ದಿನಕ್ಕೆ ತೆಗೆದುಕೊಳ್ಳುವುದೆಷ್ಟು ಎಂದು ನೋಡಿದರೆ ಮೂರೋ ನಾಲ್ಕೋ. ಕಾರಣ ಕೇಳಿದರೆ, “ಆಮೇಲೆ ಮಾತ್ರೆಗೇ ಅಡಿಕ್ಟ್ ಆಗಿಬಿಟ್ರೆ?” ಎಂಬ ಉತ್ತರ ಬರುತ್ತದೆ. ಇಪ್ಪತ್ತು ವರ್ಷ ಬೆಂಕಿ ಹಚ್ಚಿ ಒಳಗೆಳೆದುಕೊಂಡಾಗ ಬಾರದ ಭಯ ಪುದೀನ ವಾಸನೆಯ ಮಾತ್ರೆಯನ್ನು ಕಂಡು ಬರುವುದು ಈ ಪಂಗಡದ ಅತಿ ಮುಖ್ಯ ಲಕ್ಷಣವೆನ್ನಬೇಕು. ಹೊಗೆಯೊಂದಿಗೆ ಹೋದ ನಿಕೋಟಿನ್ ಮಿದುಳನ್ನು 10ರಿಂದ 20 ಸೆಕೆಂಡಿನಲ್ಲಿ ಮುಟ್ಟಿದರೆ, ಮಾತ್ರೆಯದು ಹಲವು ನಿಮಿಷಗಳ ನಿಧಾನ. ಅದು ಆಸೆ ಬರುವ ಮುನ್ನವೇ ವೇಳೆಗೆ ಸರಿಯಾಗಿ ತೆಗೆದುಕೊಂಡರೆ ನೆರವಾಗುವ ಔಷಧವೇ ಹೊರತು, ಆಸೆ ಕುತ್ತಿಗೆಗೆ ಬಂದ ಮೇಲೆ ತಡಕಿ ಬಾಯಿಗೆ ಹಾಕಿಕೊಳ್ಳುವಂಥದಲ್ಲ. ಗೃಹಸ್ಥರು ಹಾಗೆಯೇ ತಡಕಿ, ಗಡಿಯಾರ ನೋಡಿ, ಎರಡು ನಿಮಿಷದಲ್ಲಿ ಏನೂ ಆಗಲಿಲ್ಲವೆಂದು ಮಾತ್ರೆಯನ್ನು ಬೈಯುತ್ತಾರೆ. ಬದಲಿ ಚಿಕಿತ್ಸೆ ಬಿಡುವ ಪ್ರಯತ್ನ ಫಲಿಸುವ ಸಾಧ್ಯತೆಯನ್ನು ಶೇ. 50ರಿಂದ 60ರಷ್ಟು ಹೆಚ್ಚಿಸುತ್ತದೆಂದು ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಮರ್ಶೆಗಳು ಹೇಳುತ್ತವೆ. ಪ್ರಯೋಗಕ್ಕೆ ಒಳಪಟ್ಟವರು ಇವರಂತೆ ಪಟ್ಟಿಯನ್ನು ಜೇಬಿನಲ್ಲಿಟ್ಟು ಸವರುವುದಷ್ಟನ್ನೇ ಮಾಡಿರಲಾರರು.

ವಾಸ್ತವವಾಗಿ ಗೃಹಸ್ಥರಿಗೆ ನಷ್ಟವಾಗಿರುವುದು ನಿಕೋಟಿನ್ ಅಲ್ಲ. ಹನ್ನೊಂದು ಗಂಟೆಗೆ “ಸಾರ್, ಬರ್ತೀರಾ?” ಎಂಬ ಕರೆ, ಯಾರ ಅಪ್ಪಣೆಯೂ ಬೇಡದ ಹತ್ತು ನಿಮಿಷ, ಕಚೇರಿಯ ನಿಜವಾದ ಸುದ್ದಿಯೆಲ್ಲ ಹುಟ್ಟುವ ಪೆಟ್ಟಿಗೆ ಅಂಗಡಿಯ ಮಗ್ಗುಲು, ಇವನ್ನು ಯಾವ ಕಂಪನಿಯೂ 2 ಮಿಲಿಗ್ರಾಮಿಗೆ ಇಳಿಸಿ ಪಟ್ಟಿಯಲ್ಲಿ ತುಂಬಿಕೊಟ್ಟಿಲ್ಲ. ಸುಮ್ಮನೆ ಹತ್ತು ನಿಮಿಷ ಹೊರಗೆ ನಿಂತು ಬರುತ್ತೇನೆ ಎನ್ನುವ ನೌಕರನನ್ನು ನಮ್ಮ ಕಚೇರಿಗಳು ಸಂಶಯದಿಂದ ನೋಡುತ್ತವೆ, ಸೇದಿ ಬರುತ್ತೇನೆ ಎನ್ನುವವನನ್ನು ಅರ್ಥಮಾಡಿಕೊಳ್ಳುತ್ತವೆ. ಹಾಗಾಗಿ ಗೃಹಸ್ಥರು ಈಗಲೂ ಅಲ್ಲಿಗೆ ಹೋಗುತ್ತಾರೆ, ಗಾಳಿ ಬೀಸುವ ದಿಕ್ಕಿಗೇ ನಿಲ್ಲುತ್ತಾರೆ, ಕಿರಿಯರು ಹೊಗೆ ಬಿಟ್ಟಾಗ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಕಣ್ಣು ತೆರೆದೊಡನೆ ಉಪದೇಶ ಆರಂಭಿಸುತ್ತಾರೆ: ಸಾರ್ವಜನಿಕ ಸ್ಥಳದಲ್ಲಿ ಸೇದುವುದು 2008ರ ಅಕ್ಟೋಬರ್ 2ರಿಂದಲೇ ದೇಶದಾದ್ಯಂತ ನಿಷಿದ್ಧ, 2025ರಲ್ಲಿ ಬಂದ ಕರ್ನಾಟಕದ ತಿದ್ದುಪಡಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿದೆ, ಪ್ಯಾಕಿನ ಮೇಲೆ ಅಚ್ಚಾದ 1800-11-2356ಕ್ಕೆ ಕರೆ ಮಾಡಿದರೆ ಬಿಡಲು ಪುಕ್ಕಟೆ ಸಲಹೆ ಸಿಗುತ್ತದೆ, ಇತ್ಯಾದಿ. ತಾವೆಂದಾದರೂ ಆ ಸಂಖ್ಯೆಗೆ ಕರೆ ಮಾಡಿದ್ದರೇ ಎಂಬ ಪ್ರಶ್ನೆಗೆ ಮಾತ್ರೆ ಬಾಯಲ್ಲಿದೆಯೆಂಬ ಸನ್ನೆಯೇ ಉತ್ತರ. ಭಾವಮೈದುನನ ಮದುವೆಯ ರಾತ್ರಿ ಸೇದಿದ ಒಂದು ಸಿಗರೇಟು ಅವರ ದಾಖಲೆಯಲ್ಲಿ ಪರೀಕ್ಷಾರ್ಥ ಎಂಬ ಶೀರ್ಷಿಕೆಯಡಿ ಬರುತ್ತದೆ.

ಇಷ್ಟರ ನಡುವೆಯೂ ವಾರಗಳು ಉರುಳುತ್ತವೆ, ಮತ್ತು ಅವರ ಪಾಂಡಿತ್ಯದ ಅಡ್ಡಿಯನ್ನು ಲೆಕ್ಕಿಸದೆ ಮಾತ್ರೆ ತನ್ನ ಕೆಲಸವನ್ನು ಅಷ್ಟಿಷ್ಟು ಮಾಡುತ್ತಲೇ ಇರುತ್ತದೆ. ಕ್ರಮದ ಪ್ರಕಾರ ಏಳನೆಯ ವಾರದಿಂದ 2–4 ಗಂಟೆಗೊಂದು, ಹತ್ತನೆಯ ವಾರದಿಂದ 4–8 ಗಂಟೆಗೊಂದು, 12 ವಾರಕ್ಕೆ ಮುಕ್ತಾಯ. ಎಂಟನೆಯ ವಾರದ ಹೊತ್ತಿಗೆ ಸಾರಿನ ಒಗ್ಗರಣೆಯ ಇಂಗು ಮೂಗಿಗೆ ಹತ್ತುತ್ತದೆ. ಇಷ್ಟು ದಿನ ಏನು ಹಾಕುತ್ತಿದ್ದೆ ಎಂದು ಅವರು ಕೇಳಿ, ಇದನ್ನೇ ಎಂಬ ಉತ್ತರ ಪಡೆಯುತ್ತಾರೆ.

ಅವರ ಉಪದೇಶ ಕಚೇರಿಯಲ್ಲಿ ಯಾರನ್ನೂ ಬದಲಿಸಿದ ದಾಖಲೆಯಿಲ್ಲವಾದರೂ, ದಿನವೂ ಅದನ್ನು ಬಿಟ್ಟಿಯಾಗಿ ಕೇಳಿಸಿಕೊಳ್ಳುತ್ತಿದ್ದ ಪೆಟ್ಟಿಗೆ ಅಂಗಡಿಯವನೊಬ್ಬ ಇದ್ದಾನೆ. ಬಿಡಿ ಸಿಗರೇಟು ಮಾರಬಾರದೆಂಬ ಕಾನೂನಿನ ಕೆಳಗೇ ಕುಳಿತು ಬಿಡಿಯಾಗಿ ಮಾರುವ ಆತ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ತನ್ನ ಬೀಡಿಯನ್ನು ಅರ್ಧಕ್ಕೇ ಹೊಸಕಿ ಕೇಳುತ್ತಾನೆ: “ಸಾರ್, ಆ ಮಾತ್ರೆ ಒಂದೊಂದೇ ಸಿಗುತ್ತಾ?” ಗೃಹಸ್ಥರು ಪಟ್ಟಿಯನ್ನು ಹೊರತೆಗೆದು, ಮೊದಲು ಅವನ ಕೈಯಲ್ಲಿರುವ ಟೀ ಲೋಟವನ್ನು ಕೆಳಗಿಡಿಸಿ, ಜಲಾಂತರ್ಗಾಮಿಯಿಂದ ಆರಂಭಿಸುತ್ತಾರೆ.