ಹಿಂದಿನ ಗಾಡಿ ಖಾಲಿ: ಒಂದು ಪ್ರಮಾಣವಿಚಾರ

ವಿಷಯವಾಕ್ಯವನ್ನು ಮೊದಲಿಗೇ ನಮೂದಿಸುವುದು ಶಾಸ್ತ್ರಮರ್ಯಾದೆ. "ಹಿಂದೆ ಖಾಲಿ ಗಾಡಿ ಬರ್ತಾ ಇದೆ, ಅದ್ರಲ್ಲಿ ಬನ್ನಿ." ಬೆಳಗ್ಗೆ ಆಫೀಸಿನ ಹೊತ್ತಿನಲ್ಲಿ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೊರಟ 500ಡಿ ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಟಿಕೆಟ್ ಮಷೀನನ್ನೂ ಇನ್ನೊಂದರಲ್ಲಿ ತಮ್ಮನ್ನೂ ಹಿಡಿದುಕೊಂಡ ಕಂಡಕ್ಟರರು ಇದನ್ನು ಉಚ್ಚರಿಸುತ್ತಾರೆ. ಉಚ್ಚಾರಣೆ ಮುಗಿಯುವಷ್ಟರಲ್ಲಿ "ರೈಟ್" ಆಗಿರುತ್ತದೆ. ಬೆಂಗಳೂರಿನಲ್ಲಿ ದಿನವೂ ಇಷ್ಟು ಪಾರಾಯಣವಾಗುವ ವಾಕ್ಯಕ್ಕೆ ಭಾಷ್ಯವಿಲ್ಲದಿರುವುದು ನಾಡಿನ ವಿದ್ವತ್ತಿಗೆ ಶೋಭೆಯಲ್ಲವೆಂದು ಈ ಪ್ರಬಂಧ.

ವಾಕ್ಯದ ಕರ್ತೃ ಯಾರೆಂದು ತಿಳಿಯದು. 1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಬಂತು, ವಾಕ್ಯ ಉಳಿಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರ ಟಿಕೆಟ್ ಸೊನ್ನೆಗಿಳಿಯಿತು. 2025ರ ಜನವರಿಯಲ್ಲಿ ಮಿಕ್ಕವರ ದರ ಶೇ. 15ರಷ್ಟು ಏರಿತು, ವಾಕ್ಯದ ಒಂದಕ್ಷರವೂ ಅಲುಗಲಿಲ್ಲ. ಆದ್ದರಿಂದ ಇದು ಅಪೌರುಷೇಯ, ನಿತ್ಯ. ಸಂಶಯವಿರುವುದು ಇಷ್ಟೇ: ಆ ಖಾಲಿ ಗಾಡಿ ಉಂಟೋ, ಇಲ್ಲವೋ?

ಇಲ್ಲವೆನ್ನುವವರದು ಪೂರ್ವಪಕ್ಷ. ಬಸ್‌ಸ್ಟಾಪಿನ ಹಿರಿಯರೆಲ್ಲ ಈ ಪಕ್ಷದವರೇ. ಮೊಲದ ಕೊಂಬು, ಆಕಾಶದ ಹೂವು, ಹಿಂದಿನ ಗಾಡಿ, ಮೂರೂ ಒಂದೇ ವರ್ಗದ ವಸ್ತುಗಳೆಂದು ಅವರು ವಾದಿಸುತ್ತಾರೆ. ಅವರಲ್ಲೇ ಉಗ್ರರಾದ ಚಾರ್ವಾಕರು, ಕಂಬಿ ಕೈಗೆ ಸಿಕ್ಕ ಬಸ್ಸೊಂದೇ ಬಸ್ಸು, ಮಿಕ್ಕದ್ದೆಲ್ಲ ಮಾತು ಎನ್ನುತ್ತಾರೆ. ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ಮಾರತ್‌ಹಳ್ಳಿಯವರೆಗೆ ಹೋಗುವವರು ಇವರೇ.

ಪ್ರಮಾಣಗಳನ್ನು ಪರೀಕ್ಷಿಸೋಣ. ಪ್ರತ್ಯಕ್ಷ ಇಲ್ಲಿ ಕೆಲಸಕ್ಕೆ ಬಾರದು; ಮುಂದಿನ ಬಸ್ಸಿಗೆ ಅಂಟಿಕೊಂಡು ಬರುವ ಹಿಂದಿನ ಬಸ್ಸಿನ ಬೋರ್ಡನ್ನು ಮುಂದಿನದೇ ಮರೆಮಾಡುತ್ತದೆ. ಅನುಮಾನದ ಕಥೆ ಇನ್ನೂ ದಾರುಣ. ಹೊಗೆಯಿದ್ದಲ್ಲಿ ಬೆಂಕಿ ಎಂದು ನೈಯಾಯಿಕರು ಸಾಧಿಸಿದ ಹಾಗೆಯೇ ಹೊಗೆಯಿದ್ದಲ್ಲಿ ಬಸ್ಸು ಎಂಬ ವ್ಯಾಪ್ತಿ ನಗರದಲ್ಲಿ ಬಹುಕಾಲ ಊರ್ಜಿತವಾಗಿತ್ತು. 2021ರ ಕೊನೆಯಲ್ಲಿ ಬಿಎಂಟಿಸಿಗೆ ಎಲೆಕ್ಟ್ರಿಕ್ ಬಸ್ಸು ಬಂದು ಹೊಗೆಯೂ ಇಲ್ಲ, ಸದ್ದೂ ಇಲ್ಲ. ತರ್ಕಶಾಸ್ತ್ರಕ್ಕೆ ಇಂಥ ಪೆಟ್ಟನ್ನು ಬೌದ್ಧರೂ ಕೊಟ್ಟಿರಲಿಲ್ಲ. ಈಗ ಉಳಿದಿರುವ ಹೇತು, ಜನ ಫುಟ್‌ಪಾತಿನಿಂದ ರಸ್ತೆಗಿಳಿಯುವುದು. ಆದರೆ ಒಬ್ಬರು ಇಳಿದದ್ದು ಕಂಡು ಇನ್ನೊಬ್ಬರು ಇಳಿಯುತ್ತಾರೆ, ಮೊದಲನೆಯವರು ಇಳಿದದ್ದು ಎಲೆಯಡಿಕೆ ಉಗುಳಲಿಕ್ಕೆ. ಇದು ಹೇತ್ವಾಭಾಸವೆಂದು ಬಲ್ಲ ಪಂಡಿತರೂ ಇಳಿಯುತ್ತಾರೆ.

ಉಪಮಾನ ಈಗ ಮೊಬೈಲಿನಲ್ಲಿ ಲಭ್ಯ. ಗವಯವು ಹಸುವಿನ ಹಾಗಿರುತ್ತದೆ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ, ಆ್ಯಪಿನಲ್ಲಿ ಬಸ್ಸಿನ ಚಿತ್ರ ಕಂಡವನು ರಸ್ತೆಯಲ್ಲಿ ಬಸ್ಸನ್ನು ಗುರುತಿಸಬೇಕು. ಚಿತ್ರ ನಮ್ಮನ್ನು ದಾಟಿ ಮುಂದೆ ಹೋಗಿಬಿಡುವುದೂ ಉಂಟು. ಅರ್ಥಾಪತ್ತಿಗೆ ಹಳೆಯ ಉದಾಹರಣೆಯೇ ಸಾಕು: ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ. ಯಾವ ಬಸ್ಸನ್ನೂ ಹತ್ತಲಾಗದ ದೇವದತ್ತ ಹತ್ತು ಗಂಟೆಗೆ ಆಫೀಸಿನಲ್ಲಿದ್ದಾನೆಂದರೆ ಆಟೋದಲ್ಲಿ ಬಂದಿದ್ದಾನೆ. ಅದನ್ನು ಅವನ ಮುಖವೂ ಹೇಳುತ್ತದೆ.

ಉಳಿದದ್ದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಆಪ್ತನೆಂದರೆ ಇದ್ದದ್ದನ್ನು ಇದ್ದಂತೆ ಬಲ್ಲವನು, ವಂಚಿಸಲು ಕಾರಣವಿಲ್ಲದವನು. ಕಂಡಕ್ಟರರಿಗೆ ಹಿಂದಿನ ರಸ್ತೆ ಕಾಣದು, ನಮ್ಮನ್ನು ಹತ್ತಿಸದಿರಲು ಕಾರಣವಂತೂ ಇದೆ. ಅದೂ ಅಲ್ಲದೆ ಇದೇ ವ್ಯಕ್ತಿ ಬಾಗಿಲು ಮುಚ್ಚಿದ ಮರುಕ್ಷಣ ಒಳಗಿನವರ ಕಡೆ ತಿರುಗಿ, "ಮುಂದೆ ಹೋಗಿ ಸ್ವಾಮಿ, ಮುಂದೆ ಜಾಗ ಇದೆ" ಎನ್ನುತ್ತಾರೆ. ಹೊರಗಿನವರಿಗೆ ಜಾಗ ಹಿಂದೆ, ಒಳಗಿನವರಿಗೆ ಜಾಗ ಮುಂದೆ. ಕಂಡಕ್ಟರ್ ದರ್ಶನದ ಪ್ರಕಾರ ಅವಕಾಶವೆಂಬ ದ್ರವ್ಯವು ಸರ್ವವ್ಯಾಪಿ, ನಾವು ನಿಂತ ಜಾಗವೊಂದನ್ನು ಬಿಟ್ಟು.

ಇಲ್ಲದ ವಸ್ತುವನ್ನು ನಂಬಿ ನಡೆಯುವುದು ಈ ಊರಿಗೆ ಹೊಸದೇನಲ್ಲ ಎಂದು ಇತಿಹಾಸಪಂಥದವರು ನಡುವೆ ಬಾಯಿ ಹಾಕುತ್ತಾರೆ. ಬೋರ್ಡಿನಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೆಂದಿದ್ದರೂ ಜನ ಕೇಳುವುದು ಮೆಜೆಸ್ಟಿಕ್. ಆ ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ. ನಿಲ್ದಾಣ ಕೂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕೆರೆಯೂ ಇಲ್ಲ. ನೀರು ಹೋದ ಮೇಲೂ ಅಲೆ ಉಳಿಯಿತು, ಆದ್ದರಿಂದಲೇ ಬಸ್ಸುಗಳು ಅಲೆಯಲೆಯಾಗಿ ಬರುತ್ತವೆ ಎಂಬ ಅವರ ಮತವನ್ನು ನಾವು ಒಪ್ಪುವುದಿಲ್ಲ. ಆದರೆ ಅಲೆಯೆಂಬ ಮಾತು ಎತ್ತಿಟ್ಟುಕೊಳ್ಳತಕ್ಕದ್ದು.

ಈಗ ಸಿದ್ಧಾಂತ. ಹಿಂದಿನ ಗಾಡಿ ಉಂಟು, ಖಾಲಿಯೂ ಹೌದು. 1964ರಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಇದನ್ನು ಗಣಿತದಿಂದ ವಿವರಿಸಿದರು. ಒಂದು ಬಸ್ಸು ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡವಾಯಿತೆನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟರಲ್ಲಿ ಹೆಚ್ಚು ಜನ ಸೇರಿರುತ್ತಾರೆ, ಅವರು ಹತ್ತುವುದಕ್ಕೆ ಇನ್ನಷ್ಟು ಹೊತ್ತು, ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಹೆಚ್ಚು ಜನ. ಬೆನ್ನಿಗೆ ಬರುವ ಬಸ್ಸಿಗೆ ಹತ್ತುವವರೇ ಇಲ್ಲ. ಅದು ಓಡೋಡಿ ಬಂದು ಮೊದಲನೆಯದರ ಬಾಲ ಹಿಡಿಯುತ್ತದೆ. ಕಂಡಕ್ಟರರು ತಿರುಗಿ ನೋಡಬೇಕಾಗಿಯೇ ಇಲ್ಲ. ತಮ್ಮ ಗಾಡಿ ತುಂಬಿದೆಯೆಂಬುದೇ ಹಿಂದಿನದು ಖಾಲಿಯೆಂಬುದಕ್ಕೆ ಹೇತು.

ಹಾಗಾದರೆ ನಿತ್ಯಪ್ರಯಾಣಿಕನಿಗೆ ಆ ಗಾಡಿಯ ಅನುಭವ ಏಕಿಲ್ಲ? ಲೆಕ್ಕ ಹಾಕಿ. ಹತ್ತು ನಿಮಿಷಕ್ಕೊಂದರಂತೆ ಬರಬೇಕಾದ ಬಸ್ಸುಗಳು ಜೋಡಿಯಾಗಿ, ಹದಿನೆಂಟು ನಿಮಿಷಕ್ಕೊಂದು, ಮತ್ತೆರಡು ನಿಮಿಷಕ್ಕೆ ಇನ್ನೊಂದು ಬಂದವು. ನಿಮಿಷಕ್ಕೊಬ್ಬರು ಸ್ಟಾಪಿಗೆ ಬಂದರೆ ಮೊದಲನೆಯದಕ್ಕೆ ಹದಿನೆಂಟು ಜನ, ಎರಡನೆಯದಕ್ಕೆ ಇಬ್ಬರು. ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಪ್ರಾಮಾಣಿಕವಾಗಿ ಸಾಕ್ಷಿ ಹೇಳುತ್ತಾರೆ: ಬಸ್ಸೆಲ್ಲ ರಶ್ಶು. ಸರಾಸರಿ ಕಾಯುವಿಕೆ ಐದು ನಿಮಿಷವಿರಬೇಕಾದದ್ದು ಎಂಟು ದಾಟುತ್ತದೆ. ಕಡತದಲ್ಲಿ ಮಾತ್ರ ಹತ್ತು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ ಹತ್ತು ಜನ. ಅಂಥ ಬಸ್ಸು ಬಂದದ್ದನ್ನು ಆ ಸ್ಟಾಪಿನಲ್ಲಿ ಯಾರೂ ನೋಡಿಲ್ಲ. ಪೂರ್ವಪಕ್ಷಿಗಳು ಹೇಳುವ ಆಕಾಶದ ಹೂವು ಇದು, ಬಡಪಾಯಿ ಕಂಡಕ್ಟರರದ್ದಲ್ಲ.

ಇನ್ನು, ಮೀಮಾಂಸಕರ ದಾರಿ ಹಿಡಿದರೆ ವಾಕ್ಯದ ತಾತ್ಪರ್ಯ "ಬನ್ನಿ" ಎಂಬ ವಿಧಿಯಲ್ಲಿದೆ, ಖಾಲಿ ಗಾಡಿಯ ವರ್ಣನೆ ಬರೀ ಅರ್ಥವಾದ. ಹತ್ತುವವರು ಕಡಿಮೆಯಾದರೆ ನಿಲ್ಲುವ ಹೊತ್ತು ಕಡಿಮೆ, ಬಸ್ಸುಗಳ ಅಂತರ ಮತ್ತೆ ಸರಿಹೋಗುತ್ತದೆ. ಸ್ಟಾಪಿನಲ್ಲಿ ನಿಲ್ಲಿಸದೆ ಮಾರುದೂರ ಮುಂದೆ ನಿಲ್ಲಿಸಿ, ಓಡಿ ಬಂದವರನ್ನಷ್ಟೇ ಹತ್ತಿಸಿಕೊಳ್ಳುವ ಡ್ರೈವರರೂ ಇದೇ ಶಾಸ್ತ್ರದ ಪ್ರಯೋಗಪಟುಗಳು. ಅವರಿಗೆ ಬೈಯುವ ಮುನ್ನ ಇದನ್ನು ನೆನೆಯಬೇಕು. ಆಮೇಲೆ ಬೈಯಬಹುದು. ಮೆಟ್ರೊದವರು ರೈಲುಗಳ ಅಂತರವನ್ನು ಸಿಗ್ನಲ್ಲಿಗೆ ಒಪ್ಪಿಸಿ, ಕಂಡಕ್ಟರನನ್ನೇ ಇಟ್ಟುಕೊಳ್ಳದೆ, 2011ರಿಂದಲೂ ಗುರುವಿಲ್ಲದ ನಾಸ್ತಿಕರಾಗಿದ್ದಾರೆ. ಅವರ ಗೊಡವೆ ನಮಗೆ ಬೇಡ.

ಒಂದು ದೋಷ ಮಾತ್ರ ಪರಿಹಾರವಾಗಬೇಕು. ಎಲ್ಲರೂ ವಾಕ್ಯವನ್ನು ನಂಬಿ ಹಿಂದಿನ ಗಾಡಿಗೇ ಕಾದರೆ ಅದು ತುಂಬುತ್ತದೆ, ಅದರ ಕಂಡಕ್ಟರರು ಅದರ ಹಿಂದಿನದನ್ನು ತೋರಿಸುತ್ತಾರೆ, ಅದೂ ತುಂಬುತ್ತದೆ. ಇದು ಅನವಸ್ಥೆ. ಜನ ನಂಬದಿರುವವರೆಗೆ ಮಾತ್ರ ಸತ್ಯವಾಗಿರುವ ವಾಕ್ಯವಿದು. ಅನವಸ್ಥೆ ನಿಲ್ಲುವುದು ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ. ಆ ಗಾಡಿಯ ಕಂಡಕ್ಟರರು ಮೆಟ್ಟಿಲವರೆಗೆ ಜನ ತುಂಬಿದ್ದರೂ "ಹತ್ಕೊಳ್ಳಿ ಹತ್ಕೊಳ್ಳಿ, ಇದೇ ಲಾಸ್ಟು" ಎನ್ನುತ್ತಾರೆ. ಅದೂ ತಪ್ಪಿದವರು ದೇವದತ್ತನ ದಾರಿ ಹಿಡಿದು ಆಟೋಗೆ ಕೈ ಅಡ್ಡ ಹಾಕಿದರೆ, ಅಲ್ಲಿಂದ ಮುಂದೆ "ಒನ್ ಅಂಡ್ ಹಾಫ್" ಎಂಬ ಬೇರೆಯೇ ಶಾಸ್ತ್ರ ಶುರುವಾಗುತ್ತದೆ. ಅದರಲ್ಲಿ ಪೂರ್ವಪಕ್ಷಕ್ಕೆ ಅವಕಾಶವಿಲ್ಲ.