ಕುದುರೆ ಕಂಡ ಮರುಭೂಮಿ

ಅರಿಜೋನಾದ ಪ್ರವಾಸಿ ಕರಪತ್ರಗಳಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ಹಿಂದೆ ಕೆಂಪು ಬೆಟ್ಟ, ಇಳಿಯುತ್ತಿರುವ ಸೂರ್ಯ, ಎರಡೂ ಕೈ ಎತ್ತಿ ನಿಂತ ಸುವಾರೋ ಕಳ್ಳಿ. ಮುಂದೆ, ಕಿವಿ ನಿಮಿರಿಸಿಕೊಂಡು ಆ ಸೊಬಗನ್ನೇ ದಿಟ್ಟಿಸುತ್ತಿರುವ ಕುದುರೆ. ಚಿತ್ರ ತೆಗೆದವನಿಗೆ ಕುದುರೆಗಳ ಒಡನಾಟ ಇದ್ದಂತಿಲ್ಲ. ಕುದುರೆ ಹಾಗೆ ಕಿವಿ ನಿಮಿರಿಸಿ ನಿಂತಿದೆ ಎಂದರೆ ಅದಕ್ಕೆ ಎಲ್ಲೋ ಪೊದೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಕಂಡಿದೆ. ಅದರ ಮರುಕ್ಷಣದ ಚಿತ್ರವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಅದರಲ್ಲಿ ಕುದುರೆ ಇರುತ್ತದೆ, ಸವಾರ ಇರುವುದಿಲ್ಲ.

ಇಷ್ಟು ಅಧಿಕಾರದಿಂದ ಮಾತಾಡಲು ನಾನೇನು ಅಶ್ವಪರಿಣತನಲ್ಲ. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಚಿಪ್ ಕಾರ್ಖಾನೆಗಳ ಕೃಪೆಯಿಂದ ನಮ್ಮವರಿಗೆ ಬರವಿಲ್ಲ, ನಾನೂ ಅವರಲ್ಲೊಬ್ಬ. ಶನಿವಾರ ಬೆಳಿಗ್ಗೆ ಉಳಿದವರು ದೋಸೆ ಹಿಟ್ಟು ಉಬ್ಬಿತೋ ಇಲ್ಲವೋ ಎಂದು ನೋಡುವ ಹೊತ್ತಿಗೆ ನಾನು ಸೂಪರ್‌ಸ್ಟಿಷನ್ ಬೆಟ್ಟಗಳ ತಪ್ಪಲಿನಲ್ಲಿ ಒಂದು ಮುದಿ ಕುದುರೆಯ ಮೇಲೆ ಕೂತಿರುತ್ತೇನೆ. ಅಲ್ಲೊಬ್ಬರು ಎಳೆಗುದುರೆಗಳನ್ನು ಪಳಗಿಸುವ ಹೆಂಗಸು ಇದ್ದಾರೆ. ಎಪ್ಪತ್ತು ದಾಟಿದೆ, ನಡೆಯುವಾಗ ಸೊಂಟ ಹಿಡಿಯುತ್ತದೆ, ಜೀನಿನ ಮೇಲೆ ಕೂತರೆ ಮಾತ್ರ ಮೂವತ್ತರವರಾಗುತ್ತಾರೆ. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜಿ ಎನ್ನುತ್ತೇನೆ. ಬಾಯಿಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಅಜ್ಜಿಯ ಪದ್ಧತಿಯಲ್ಲಿ ಎಳೆಯ ಕುದುರೆ ಒಂಟಿಯಾಗಿ ಮರುಭೂಮಿಗೆ ಹೊರಡುವುದಿಲ್ಲ. ಜೊತೆಗೆ ಲೋಕ ಕಂಡ ಹಳೆಯ ಕುದುರೆಯೊಂದು ಬೇಕು. ಡಸ್ಟಿ ಎಂಬ ಇಪ್ಪತ್ತು ವರ್ಷದ ಹಳದಿ ಕುದುರೆ ಆ ಕೆಲಸ ಮಾಡುತ್ತದೆ. ಡಸ್ಟಿಯ ಮೇಲೆ ಕೂರಲು ಒಬ್ಬ ಮನುಷ್ಯ ಬೇಕು. ಅವನಿಗೆ ಸ್ವಂತ ಯೋಚನೆಗಳಿರಕೂಡದು, ಲಗಾಮು ಎಳೆಯಕೂಡದು, ಕಾಲಿನಿಂದ ತಿವಿಯಕೂಡದು, ಮುಖ್ಯವಾಗಿ ಕಿರುಚಕೂಡದು. ಇಷ್ಟೂ ಅರ್ಹತೆಗಳು ನನ್ನಲ್ಲಿವೆ ಎಂದು ಅಜ್ಜಿ ಮೊದಲ ದಿನವೇ ಕಂಡುಕೊಂಡರು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲು ಮೀರಬಾರದು ಎಂಬುದು ಈ ಕಡೆಯ ರೂಢಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಸ್ಟಿಯನ್ನೂ ನೋಡಿ, ತುಟಿಯಲ್ಲೇ ಲೆಕ್ಕ ಹಾಕಿ, ‘ಹಗುರದ ಜೀನು ಹಾಕೋಣ’ ಎಂದರು.

ಈ ಋತುವಿನ ವಿದ್ಯಾರ್ಥಿ ಪೆಪ್ಪರ್. ಬೂದು ಬಣ್ಣ, ಮೂರು ತುಂಬಿ ನಾಲ್ಕಕ್ಕೆ ಬಿದ್ದಿದೆ. ನೋಡುವುದಕ್ಕೆ ಪೂರ್ತಿ ಕುದುರೆ, ಒಳಗೆ ಇನ್ನೂ ಮಗು. ಕುದುರೆಯ ಮುಂಗಾಲಿನ ಮಂಡಿ ಬಲಿಯುವುದಕ್ಕೇ ಎರಡು, ಎರಡೂವರೆ ವರ್ಷ ಬೇಕು. ಬೆನ್ನುಮೂಳೆ ಪೂರ್ತಿ ಬಲಿಯಲು ಐದೂವರೆ, ಆರು ವರ್ಷ. ನಾವು ಕೂರುವುದು ಮಾತ್ರ ಎಲ್ಲಕ್ಕಿಂತ ತಡವಾಗಿ ಬಲಿಯುವ ಆ ಬೆನ್ನಿನ ಮೇಲೇ. ಅದಕ್ಕೇ ಅಜ್ಜಿ ಕಳೆದ ಚಳಿಗಾಲವೆಲ್ಲ ಪೆಪ್ಪರ್‌ನ ಬೆನ್ನಿಗೆ ಭಾರ ಹೊರಿಸದೆ, ತಾವು ಡಸ್ಟಿಯ ಮೇಲೆ ಕೂತು, ಅದನ್ನು ಹಗ್ಗ ಹಿಡಿದು ಪಕ್ಕದಲ್ಲಿ ನಡೆಸಿಕೊಂಡು ಬಂದರು. ದಾರಿ, ಕಲ್ಲು, ಮರಳು ತುಂಬಿದ ಒಣಹಳ್ಳ, ಅಲ್ಲೊಂದು ಸೈಕಲ್ಲು, ಇಲ್ಲೊಂದು ನಾಯಿ. ಈ ವರ್ಷವಷ್ಟೇ ಮೇಲೆ ಹತ್ತಿದ್ದಾರೆ. ನಡಿಗೆ ಮಾತ್ರ, ಓಟದ ಮಾತೇ ಇಲ್ಲ.

ಕುದುರೆಯ ಕಣ್ಣಿನ ವಿಚಾರ ಇಲ್ಲಿ ಹೇಳಲೇಬೇಕು. ನೆಲದ ಮೇಲೆ ಓಡಾಡುವ ಪ್ರಾಣಿಗಳಲ್ಲಿ ಅತಿ ದೊಡ್ಡ ಕಣ್ಣುಳ್ಳವುಗಳಲ್ಲಿ ಕುದುರೆಯೂ ಒಂದು. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹೆಚ್ಚುಕಡಿಮೆ 350 ಡಿಗ್ರಿ, ಅಂದರೆ ಸುತ್ತಲಿನದೆಲ್ಲವೂ, ಒಮ್ಮೆಗೇ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಬಾಲದ ನೇರ ಹಿಂದೆ, ಮತ್ತು ಮೂಗಿನ ನೇರ ಮುಂದೆ. ಹೀಗಾಗಿ ಅದು ಅರ್ಧ ಮೈಲಿಯಾಚೆ ಅಲುಗಿದ ಎಲೆಗೆ ಬೆಚ್ಚುತ್ತದೆ, ಮೂತಿಗೇ ಹಿಡಿದ ಸೇಬಿನ ಚೂರನ್ನು ಮೂಸಿ ಹುಡುಕುತ್ತದೆ. ಹೋಗುವಾಗ ಬಲಗಣ್ಣಿಗೆ ಕಂಡು ಒಪ್ಪಿಗೆಯಾದ ಬಂಡೆ ಬರುವಾಗ ಎಡಗಣ್ಣಿಗೆ ಬೀಳುತ್ತದೆ. ಆಗ ಅದು ಬೇರೆಯೇ ಬಂಡೆ. ಪೆಪ್ಪರ್ ಮತ್ತೆ ಮೊದಲಿಂದ ನಿಂತು, ಗೊರಸು ಕೆರೆದು, ಮೂಗು ಸೀಟಿ, ವಿಚಾರಣೆ ನಡೆಸುತ್ತದೆ. ಒಂದು ದಾರಿ ಕಲಿಸಿದರೆ ಸಾಲದು, ಹಿಂತಿರುಗುವ ದಾರಿಯನ್ನೂ ಪ್ರತ್ಯೇಕವಾಗಿ ಕಲಿಸಬೇಕು.

ನನ್ನ ಬಾಲ್ಯದ ಮೈಸೂರಿನಲ್ಲಿ ಇದಕ್ಕೆ ಸುಲಭದ ಉಪಾಯವಿತ್ತು. ಟಾಂಗಾ ಕುದುರೆಯ ಕಣ್ಣಿನ ಎರಡು ಪಕ್ಕಕ್ಕೂ ಚರ್ಮದ ಪಟ್ಟಿ ಕಟ್ಟಿಬಿಡುತ್ತಿದ್ದರು. ಅರಮನೆ, ಮಾರುಕಟ್ಟೆ, ಸಿಟಿ ಬಸ್ಸು ಏನೂ ಅದಕ್ಕೆ ಕಾಣುತ್ತಿರಲಿಲ್ಲ. ಮುಂದಿನ ರಸ್ತೆ, ಸಂಜೆಗೆ ಹುಲ್ಲು, ಅಷ್ಟೇ. ಬೆಟ್ಟದ ದಾರಿಯಲ್ಲಿ ಹೀಗೆ ಮಾಡುವಂತಿಲ್ಲ. ಕಾಲಿಡುವ ಕಲ್ಲನ್ನು ಕುದುರೆಯೇ ಆರಿಸಿಕೊಳ್ಳಬೇಕು, ಕಣಿವೆ ಎಲ್ಲಿದೆ ಎಂದು ಅದಕ್ಕೇ ಗೊತ್ತಿರಬೇಕು. ಆದ್ದರಿಂದ ಎಲ್ಲವನ್ನೂ ತೋರಿಸಿ, ಎಲ್ಲದರ ಬಗ್ಗೆಯೂ ಬೇಸರ ಬರಿಸಬೇಕು. ಅಜ್ಜಿಯ ವಿದ್ಯೆಯೆಲ್ಲ ಈ ಬೇಸರ ಬರಿಸುವುದರಲ್ಲೇ ಇದೆ.

ದಸರೆಗೆ ಮೊದಲು ಮೈಸೂರಿನಲ್ಲಿ ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಸಿಡಿಸುವ ತಾಲೀಮು ಮಾಡುತ್ತಾರೆ, ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವಾಗ ಅವು ಬೆದರಬಾರದಲ್ಲ ಎಂದು ಅಜ್ಜಿಗೆ ಹೇಳಿದೆ. ಊರಿನ ಹೆಮ್ಮೆ ಮಾತಿನಲ್ಲಿ ಸ್ವಲ್ಪ ಹೆಚ್ಚೇ ಬೆರೆತಿತ್ತು. ಅಜ್ಜಿ ಯೋಚಿಸಿ ಕೇಳಿದರು: ‘ಆನೆಯೂ ಕುದುರೆಯೂ ಒಂದೇ ಕಡೆ ನಿಲ್ಲುತ್ತವೆಯೇ?’ ಹೌದೆಂದೆ. ‘ಹಾಗಾದರೆ ಕುದುರೆಗಳಿಗೆ ಫಿರಂಗಿ ಕೇಳಿಸಿಯೇ ಇರುವುದಿಲ್ಲ. ಅವು ಆನೆಯನ್ನು ನೋಡುತ್ತಿರುತ್ತವೆ.’

ಸೊನೊರನ್ ಮರುಭೂಮಿಯಲ್ಲಿ ಹೆದರಲು ಯೋಗ್ಯವಾದ ವಸ್ತುಗಳಿಗೆ ಕೊರತೆಯಿಲ್ಲ. ಮೊದಲನೆಯದು ಚೋಯಾ ಕಳ್ಳಿ. ದೂರದಿಂದ ಬಿಸಿಲಿಗೆ ಬೆಳ್ಳಗೆ, ಮುದ್ದಾಗಿ ಹೊಳೆಯುತ್ತದೆ. ಹತ್ತಿರ ಸುಳಿದರೆ ಒಂದು ಗೆಣ್ಣು ಕಳಚಿ ಮೈಗಂಟುತ್ತದೆ. ತಾನೇ ಹಾರಿ ಬಂತು ಎಂದು ಜನ ಆಣೆ ಮಾಡುತ್ತಾರೆ. ಕುದುರೆಯ ಕಾಲಿಗಂಟಿದರೆ ಅದು ಒದೆಯುತ್ತದೆ, ಒದ್ದ ಕಾಲಿನಿಂದ ಹೊಟ್ಟೆಗಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೆ, ಇನ್ನೊಂದು ಕೈಯಿಂದ ಬಿಡಿಸಲು ಹೋದರೆ ಅದಕ್ಕೂ. ಇಲ್ಲಿನ ಸವಾರರೆಲ್ಲ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುವುದು ಇದಕ್ಕೇ. ಹಲ್ಲುಗಳನ್ನು ಮುಳ್ಳಿನುಂಡೆಯ ಅಡಿಗೆ ತೂರಿಸಿ ಒಮ್ಮೆ ಚಿಮ್ಮಿಸಿದರೆ ಆಯಿತು. ಚಿಮ್ಮಿಸುವಾಗ ಎದುರಿಗೆ ಯಾರಿದ್ದಾರೆಂದು ನೋಡಿಕೊಳ್ಳಬೇಕು. ನನ್ನ ಜೇಬಿನಲ್ಲೂ ಅಗಲ ಹಲ್ಲಿನದೊಂದು ಸದಾ ಇರುತ್ತದೆ. ದೇವಸ್ಥಾನದಲ್ಲಿ ಕರವಸ್ತ್ರ ತೆಗೆಯುವಾಗ ಅದು ಹೊರಗೆ ಬಿದ್ದರೆ, ಜನ ಮೊದಲು ಬಾಚಣಿಗೆಯನ್ನೂ ಆಮೇಲೆ ನನ್ನ ತಲೆಯನ್ನೂ ನೋಡಿ ಸುಮ್ಮನಾಗುತ್ತಾರೆ.

ಎರಡನೆಯದು ಹಾವಲೀನಾ. ಹಂದಿಯಂತೆ ಕಾಣುವ, ಹಂದಿಯಲ್ಲದ, ಹಿಂಡು ಕಟ್ಟಿಕೊಂಡು ಓಡಾಡುವ ಪ್ರಾಣಿ. ಕಣ್ಣಿಗೆ ಬೀಳುವ ಮೊದಲೇ ಅದರ ಗಬ್ಬುವಾಸನೆ ಗಾಳಿಯಲ್ಲಿ ಬರುತ್ತದೆ, ಪೆಪ್ಪರ್‌ನ ನಾಲ್ಕು ಕಾಲೂ ನೆಲಕ್ಕೆ ನಾಟಿಕೊಳ್ಳುತ್ತವೆ. ಮೂರನೆಯದು ಗ್ಯಾಂಬೆಲ್ ಲಾವುಗೆ. ನೆತ್ತಿಯ ಮೇಲೊಂದು ಕಪ್ಪು ಜುಟ್ಟು, ಗಾತ್ರ ಹಿಡಿಯಷ್ಟು. ಕುದುರೆಯ ಕಾಲು ಪೊದೆಗೆ ತಾಗುವವರೆಗೂ ಉಸಿರು ಬಿಗಿಹಿಡಿದು ಕೂತಿದ್ದು, ಆಮೇಲೆ ಇಡೀ ಸಂಸಾರವೇ ಒಮ್ಮೆಗೆ ಬುರ್ರನೆ ಏಳುತ್ತದೆ. ಗಿಲಕಿ ಹಾವಿನ ಬಗ್ಗೆ ಊರಿನಿಂದ ಫೋನು ಮಾಡುವವರೆಲ್ಲ ವಿಚಾರಿಸುತ್ತಾರೆ. ಹಾವಿನ ವಿಷಯದಲ್ಲಿ ಪೆಪ್ಪರ್‌ಗೆ ಆಸಕ್ತಿ ಕಡಿಮೆ. ಬೆದರುವ ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ತಮಾಷೆಯೆಂದರೆ ಇದು ಕುದುರೆಯ ತವರು. ಅದರ ಪೂರ್ವಜರು ಹುಟ್ಟಿ ಬೆಳೆದದ್ದು ಉತ್ತರ ಅಮೆರಿಕದಲ್ಲೇ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿ ನಿರ್ವಂಶವಾಗಿ, ಅಷ್ಟರಲ್ಲಿ ಏಷ್ಯಾದ ಕಡೆ ದಾಟಿದ್ದ ದಾಯಾದಿಗಳಿಂದ ಕುಲ ಉಳಿಯಿತು. 1519ರಲ್ಲಿ ಕೊರ್ಟೆಸ್ ಹದಿನಾರು ಕುದುರೆಗಳೊಂದಿಗೆ ಮೆಕ್ಸಿಕೊದ ದಡಕ್ಕೆ ಬಂದ. 1687ರಿಂದ ಈ ಮರುಭೂಮಿಯನ್ನು ಕುದುರೆಯ ಬೆನ್ನ ಮೇಲೆಯೇ ಸುತ್ತಿದ ಕಿನೋ ಎಂಬ ಪಾದ್ರಿ ನಕ್ಷೆ ಬರೆದ, ಚರ್ಚು ಕಟ್ಟಿಸಿದ, ಹೋದಲ್ಲೆಲ್ಲ ದನಕುದುರೆಗಳನ್ನು ಬೆಳೆಸಿದ. ಹೀಗೆ ಮನೆಗೆ ಮರಳಿದ ವಂಶದ ಕುಡಿ ಈಗ ತವರಿನ ಕಲ್ಲು ಕಲ್ಲನ್ನೂ ಅನುಮಾನಿಸುತ್ತದೆ, ನಾವು ಐದು ವರ್ಷಕ್ಕೊಮ್ಮೆ ಊರಿಗೆ ಹೋಗಿ ನಲ್ಲಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

ಇಷ್ಟೆಲ್ಲ ಇದ್ದರೂ, ಫೆಬ್ರವರಿಯ ಒಂದು ಬೆಳಿಗ್ಗೆ ಪೆಪ್ಪರ್ ಕಂಡ ಘೋರದೃಶ್ಯದ ಮುಂದೆ ಇವೆಲ್ಲ ಏನೂ ಅಲ್ಲ. ದಾರಿಯ ಪಕ್ಕ ಒಂದು ಸುವಾರೋ. ಈ ಕಳ್ಳಿಗೆ ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಹಿಡಿಯುತ್ತದೆ, ಕೆಲವಕ್ಕೆ ಇನ್ನೂ ಹೆಚ್ಚು. ಇದಕ್ಕೆ ನಾಲ್ಕು ಕೈ. ಅಂಥ ಹಿರಿಯ ಜೀವದ ಒಂದು ಕೈಗೆ, ಊರಿನ ಯಾವುದೋ ಮಗುವಿನ ಕೈ ತಪ್ಪಿಸಿಕೊಂಡು ಬಂದ ಬೆಳ್ಳಿಬಣ್ಣದ ಹುಟ್ಟುಹಬ್ಬದ ಬಲೂನು ಸಿಕ್ಕಿಕೊಂಡಿತ್ತು. ಅರ್ಧ ಗಾಳಿ ಹೋಗಿತ್ತು. ಗಾಳಿ ಬೀಸಿದಾಗೊಮ್ಮೆ ಫಳಕ್ಕನೆ ಹೊಳೆದು ಚರಪರ ಎನ್ನುತ್ತಿತ್ತು.

ಪೆಪ್ಪರ್ ನಿಂತಲ್ಲೇ ಒಂದು ಮೊಳ ಕುಳ್ಳಗಾಯಿತು. ಗುಂಡಿಗೆಯ ಬಡಿತ ಜೀನಿನ ಮೂಲಕ ತಮ್ಮ ತೊಡೆಗೆ ಗೊತ್ತಾಗುತ್ತಿತ್ತು ಎಂದು ಅಜ್ಜಿ ಆಮೇಲೆ ಹೇಳಿದರು. ಅವರು ಹಿಮ್ಮಡಿ ಒತ್ತಲಿಲ್ಲ, ಚಾವಟಿ ಬೀಸಲಿಲ್ಲ. ಒಂದು ಕಡೆಯ ಲಗಾಮನ್ನು ಮಾತ್ರ ಮೆಲ್ಲಗೆ ಬಾಗಿಸಿ, ಕುದುರೆ ಅಡ್ಡಲಾಗಿ ತಿರುಗುವಂತೆ ಮಾಡಿ, ಅದು ಓಡಬೇಕೆಂದು ತೀರ್ಮಾನಿಸುವ ಮೊದಲೇ ತಾವೇ ಅದನ್ನು ಹತ್ತು ಹೆಜ್ಜೆ ದೂರ ನಡೆಸಿದರು. ನಿಂತರು. ಲಗಾಮು ಸಡಿಲ ಬಿಟ್ಟರು. ಮತ್ತೆ ಬಲೂನಿನ ಕಡೆಗೆ ಎಂಟು ಹೆಜ್ಜೆ; ಮತ್ತೆ ತಾವೇ ಹಿಂದಕ್ಕೆ. ಎಳೆದಾಗ ಕುದುರೆ ಏನೂ ಕಲಿಯುವುದಿಲ್ಲ, ಬಿಟ್ಟಾಗ ಕಲಿಯುತ್ತದೆ ಎಂಬುದು ಅವರ ಸಿದ್ಧಾಂತ. ಓರೆಗನ್‌ನ ಟಾಮ್ ಡಾರೆನ್ಸ್ ಮತ್ತು ಅವರ ಶಿಷ್ಯ ರೇ ಹಂಟ್ ಕಳೆದ ಶತಮಾನದಲ್ಲಿ ಈ ಮಾರ್ಗವನ್ನು ಪಶ್ಚಿಮದ ಕೌಬಾಯ್‌ಗಳ ತಲೆಗೆ ತುಂಬಲು ಹೆಣಗಿದರು. ಅದಕ್ಕೂ ಸುಮಾರು ಇಪ್ಪತ್ಮೂರು ಶತಮಾನ ಹಿಂದೆ ಅಥೆನ್ಸಿನ ಕ್ಸೆನೊಫನ್ ಬರೆದಿಟ್ಟದ್ದೂ ಇದನ್ನೇ: ಮರಿಕುದುರೆಯನ್ನು ಜನಜಂಗುಳಿಯ ನಡುವೆ, ಗದ್ದಲದ ನಡುವೆ ನಡೆಸಿ, ಬೆದರಿದರೆ ಬಡಿಯಬೇಡಿ, ಸಮಾಧಾನದಿಂದ ಹತ್ತಿರ ಕರೆದೊಯ್ಯಿರಿ. ಪಳಗಿಸಲು ಬೇರೆಯವರಿಗೆ ಒಪ್ಪಿಸುವುದಾದರೆ, ಮರಳಿ ಕೊಡುವಾಗ ಅದಕ್ಕೆ ಏನೇನು ಬರಬೇಕು ಎಂದು ಮೊದಲೇ ಬರೆಸಿಕೊಳ್ಳಿ ಎಂದೂ ಆತ ಬುದ್ಧಿ ಹೇಳುತ್ತಾನೆ. ಕುದುರೆಯ ಮಾಲೀಕರು ಅಂದೂ ಜಗಳಗಂಟರೇ ಇದ್ದಿರಬೇಕು.

ನನ್ನ ಪಾತ್ರ ಬಂತು. ‘ಹೋಗಿ ಬಲೂನಿನ ಪಕ್ಕ ನಿಲ್ಲು’ ಎಂದರು. ಡಸ್ಟಿ ತನ್ನ ಪಾಡಿಗೆ ನಡೆದು, ಬಲೂನಿನ ಅಡಿಯಲ್ಲಿ ನಿಂತು, ಒಂದು ಹಿಂಗಾಲನ್ನು ಸಡಿಲಿಸಿ, ಪಕ್ಕದ ಪಾಲೊ ವೆರ್ಡೆ ಗಿಡದ ಚಿಗುರು ಕೀಳತೊಡಗಿತು. ಬಲೂನು ನನ್ನ ಕಿವಿಯ ಹತ್ತಿರ ಚರಪರ ಎನ್ನುತ್ತಿತ್ತು. ಪೆಪ್ಪರ್ ಡಸ್ಟಿಯನ್ನು ನೋಡಿತು, ಬಲೂನನ್ನು ನೋಡಿತು. ನನ್ನನ್ನೂ ನೋಡಿರಬಹುದು, ನನ್ನ ಸಾಕ್ಷ್ಯಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ.

ಅಷ್ಟು ಹೊತ್ತಿಗೆ ಪ್ರವಾಸಿಗಳ ಸಾಲೊಂದು ಬಂತು. ಬಾಡಿಗೆ ಕುದುರೆಗಳು, ಒಂದರ ಬಾಲಕ್ಕೆ ಇನ್ನೊಂದರ ಮೂತಿ, ಎಲ್ಲವಕ್ಕೂ ಅರ್ಧ ನಿದ್ದೆ. ಸವಾರರೆಲ್ಲ ಕತ್ತೆತ್ತಿ ‘ಆಹಾ’ ಎನ್ನುತ್ತಿದ್ದರು. ಹಿಂದಿನ ಬಂಡೆಗೋಡೆಗೆ ಎಳೆಬಿಸಿಲು ಬಿದ್ದು ಅದು ಬಂಗಾರವಾಗಿತ್ತಂತೆ. ಆ ಬೆಟ್ಟದಲ್ಲಿ ನಿಜವಾದ ಬಂಗಾರದ ಗಣಿಯೇ ಇದೆ ಎಂದು, 1891ರಲ್ಲಿ ಗುಟ್ಟು ಹೇಳದೆ ಸತ್ತನೆನ್ನಲಾದ ಒಬ್ಬ ಜರ್ಮನ್ ಮುದುಕನನ್ನು ನಂಬಿ, ಜನ ಇಂದಿಗೂ ಹುಡುಕುತ್ತಾರೆ. ನಾನು ತಿರುಗಿ ನೋಡಲಿಲ್ಲ. ಬಲೂನಿನ ಪಕ್ಕ ಅಲುಗದೆ ನಿಲ್ಲುವುದು ನನ್ನ ಕರ್ತವ್ಯವಾಗಿತ್ತು. ಅಜ್ಜಿ ಪೆಪ್ಪರ್‌ನ ಕಿವಿಗಳ ಮೇಲಿನ ಕಣ್ಣು ಕೀಳಲಿಲ್ಲ. ಎಳೆಗುದುರೆಯೊಡನೆ ಹೊರಟವರಿಗೆ ರಮ್ಯ ದೃಶ್ಯ ಎಂದರೆ ಎರಡು ಕಿವಿ, ಅಷ್ಟೇ. ಇಷ್ಟು ವರ್ಷದಲ್ಲಿ ಈ ಬೆಟ್ಟಗಳನ್ನು ನಾನು ಚೆನ್ನಾಗಿ ನೋಡಿರುವುದು ಆ ಕರಪತ್ರಗಳಲ್ಲೇ.

ಕೊನೆಗೆ ಪೆಪ್ಪರ್ ಬಂತು. ಕತ್ತು ಉದ್ದ ಮಾಡಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಮೂಸಿತು, ಜೋತುಬಿದ್ದಿದ್ದ ರಿಬ್ಬನ್ನನ್ನು ಬಾಯಿಗೆ ಹಾಕಿಕೊಂಡಿತು. ತುಟಿ ಚಪ್ಪರಿಸಿ ದೀರ್ಘವಾಗಿ ಉಸಿರು ಬಿಟ್ಟಿತು. ಅಜ್ಜಿ ಚಾಕುವಿನಿಂದ ಬಲೂನನ್ನು ಬಿಡಿಸಿ, ಮಡಚಿ, ಚೀಲಕ್ಕೆ ಹಾಕಿಕೊಂಡರು. ‘ಇನ್ನೊಂದು ಕಣ್ಣಿಗೂ ತೋರಿಸಬೇಕಲ್ಲ’ ಎಂದರು. ಮುಂದೆ ಎರಡು ವಾರ ಆ ಬಲೂನು ಲಾಯದ ಬೇಲಿಯಲ್ಲಿ, ಹುಲ್ಲಿನ ತೊಟ್ಟಿಯ ಮೇಲೆ ನೇತಾಡಿತು.

ಏಪ್ರಿಲ್ ಮುಗಿಯುವಷ್ಟರಲ್ಲಿ ಪೆಪ್ಪರ್ ಪದವೀಧರನಾಗಿತ್ತು. ಚೋಯಾ ಕಂಡರೆ ತಾನೇ ದೂರ ಸರಿಯುತ್ತದೆ, ಲಾವುಗೆ ಎದ್ದರೆ ಒಂದು ಕಿವಿ ಮಾತ್ರ ತಿರುಗಿಸುತ್ತದೆ. ಮೇ ಬಂದರೆ ಇಲ್ಲಿ ತರಗತಿ ಬಂದ್. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಹಗಲಿನ ಗರಿಷ್ಠ ತಾಪ 43 ಡಿಗ್ರಿಯ ಕೆಳಗೆ ನಿಂತಿರಲಿಲ್ಲ. ಅಂಥ ಊರಿನಲ್ಲಿ ಬೇಸಿಗೆಯಲ್ಲಿ ಕುದುರೆ ಹತ್ತುವವರಿಗೆ ಬುದ್ಧಿ ಹೇಳಬೇಕಾದದ್ದು ಕುದುರೆಯೇ. ಅಜ್ಜಿ ಎರಡೂ ಕುದುರೆಗಳನ್ನು ಟ್ರೈಲರಿಗೆ ಹತ್ತಿಸಿಕೊಂಡು ಫ್ಲ್ಯಾಗ್‌ಸ್ಟಾಫ್ ಕಡೆಗೆ ಹೊರಟರು. ಎರಡು ಸಾವಿರ ಮೀಟರಿಗೂ ಎತ್ತರ, ಮೈಲಿಗಟ್ಟಲೆ ಪೈನ್ ಕಾಡು, ತಂಪು.

ಮರುದಿನ ಅಜ್ಜಿಯ ಫೋನು. ಪೆಪ್ಪರ್ ಮರ ನೋಡಿ ಹೆದರುತ್ತಿದೆ ಎಂದರು. ಕಳ್ಳಿಗಳ ನಡುವೆ ಬೆಳೆದ ಕುದುರೆ. ನೆರಳು ಬೀಳಿಸುವ, ಗಾಳಿಗೆ ಓಲಾಡುವ, ಇಷ್ಟು ಒತ್ತಾಗಿ ನಿಂತ ಪ್ರಾಣಿಗಳನ್ನು ಅದು ಎಲ್ಲಿ ಕಂಡಿದೆ? ನಿಂತ ನೀರನ್ನೂ ದಾಟುತ್ತಿಲ್ಲವಂತೆ. ಜುಲೈನಲ್ಲಿ ಅಲ್ಲಿ ಮಳೆ ಹಿಡಿಯುತ್ತದೆ. ಅದರೊಳಗೆ ಸವಾರ ಜೀನಿನ ಮೇಲೆ ಕೂತೇ ಮಳೆಯಂಗಿ ತೊಡುವುದನ್ನೂ ತೆಗೆಯುವುದನ್ನೂ ಅಭ್ಯಾಸ ಮಾಡಿಸಬೇಕು.

‘ನಿನ್ನ ಹತ್ತಿರ ರೈನ್‌ಕೋಟ್ ಇದೆಯಾ?’

ಇದೆ, ಊರಿನಿಂದ ತಂದದ್ದು, ಹಳೆಯ ಡಕ್‌ಬ್ಯಾಕು, ಅಲ್ಲಲ್ಲಿ ಹರಿದಿದೆ ಎಂದೆ.

‘ಸದ್ದು ಮಾಡುತ್ತಾ?’

‘ಬೀದಿಗೆಲ್ಲ ಕೇಳಿಸುತ್ತೆ.’

‘ಶನಿವಾರ ತಗೊಂಡು ಬಾ’ ಎಂದು ಫೋನಿಟ್ಟರು.