ರೇಟು ನಾನು ನೋಡ್ಕೋತೀನಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ, ಎರಡು ಲೇಥಿನಿಂದ ಶುರುವಾಗಿ ನಾಲ್ಕು ಸಿಎನ್‌ಸಿ ಯಂತ್ರಗಳವರೆಗೆ ಬೆಳೆದ ವರ್ಕ್‌ಶಾಪುಗಳನ್ನು ಗಮನಿಸಿದವರಿಗೆ ಮಾಲೀಕರ ಒಂದು ವಿಶಿಷ್ಟ ಪ್ರಭೇದ ಕಣ್ಣಿಗೆ ಬೀಳದೆ ಇರದು. ಇವರನ್ನು ‘ಸ್ವಯಂಮಾರಾಟಗಾರ ಮಾಲೀಕರು’ ಎಂದು ವರ್ಗೀಕರಿಸಬಹುದು. ಅಂದರೆ, ಸೇಲ್ಸ್‌ಗೆಂದು ಹುಡುಗರನ್ನು ನೇಮಿಸಿ, ಅವರಿಗೆ ಸಂಬಳ, ಪೆಟ್ರೋಲ್ ಖರ್ಚು, ವಿಸಿಟಿಂಗ್ ಕಾರ್ಡು ಎಲ್ಲವನ್ನೂ ಕೊಟ್ಟು, ಮಾರಾಟವನ್ನು ಮಾತ್ರ ಕೊಡದವರು.

ಎನ್‌ಕ್ವೈರಿ, ಕೊಟೇಶನ್, ಆರ್ಡರ್, ಪೇಮೆಂಟ್ ಎಂಬ ಹಂತಗಳಲ್ಲಿ ಯಾವ ಗಿರಾಕಿ ಎಲ್ಲಿದ್ದಾನೆಂದು ಬರೆದಿಡುವ ಲೆಕ್ಕಕ್ಕೆ ಮಾರಾಟಶಾಸ್ತ್ರದಲ್ಲಿ ಪೈಪ್‌ಲೈನ್ ಎನ್ನುತ್ತಾರೆ. ಇವರ ಪೈಪ್‌ಲೈನು ಅರ್ಧ ವಾಟ್ಸ್‌ಆ್ಯಪಿನಲ್ಲೂ ಇನ್ನರ್ಧ ಅಂಗಿಯ ಜೇಬಿನಲ್ಲೂ ಇರುವುದರಿಂದ, ಅಂಗಿ ಒಗೆಯಲು ಹೋದ ದಿನ ಕಂಪನಿ ಒಂದೆರಡು ಗಿರಾಕಿಗಳನ್ನು ಕಳೆದುಕೊಳ್ಳುವುದುಂಟು. “ಯೋಚ್ನೆ ಮಾಡಿ ಹೇಳ್ತೀವಿ” ಎಂದು ಸಾಗಹಾಕಿದವರೂ ಇವರ ಲೆಕ್ಕದಲ್ಲಿ “ತೊಂಬತ್ತು ಪರ್ಸೆಂಟ್ ಆದಂಗೇ”.

ಈ ಪ್ರಭೇದದ ಮುಖ್ಯ ಲಕ್ಷಣವೆಂದರೆ ಮೌನವನ್ನು ಸಹಿಸಲಾಗದಿರುವುದು. ಖರೀದಿ ಅಧಿಕಾರಿಯ ಎದುರು ಸೇಲ್ಸ್ ಹುಡುಗ ಕೊಟೇಶನ್ ಇಟ್ಟು, ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಮಾತು ತೆಗೆಯುವಷ್ಟರಲ್ಲಿ, “ನೀನಿರಪ್ಪ, ರೇಟು ನಾನು ನೋಡ್ಕೋತೀನಿ” ಎಂದು ಮಾಲೀಕರು ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ. ಅಧಿಕಾರಿ ಮಾತಾಡದೆ ಮೇಜಿನ ಮೇಲೆ ಕೈಯಾಡಿಸಿದರೆ ಇವರು ಶೇ. 5 ಇಳಿಸುತ್ತಾರೆ; ಡ್ರಾಯರ್ ತೆರೆದರೆ ಶೇ. 10ಕ್ಕೆ ಬರುತ್ತಾರೆ, ಅವರು ಬಗ್ಗಿ ಮೇಜಿನ ಕೆಳಗೆ ನೋಡಿದಾಗ ಸಾಗಣೆ ವೆಚ್ಚವನ್ನೂ ತಾವೇ ಹೊತ್ತುಕೊಳ್ಳುತ್ತಾರೆ. ಅಧಿಕಾರಿ ಅಷ್ಟೂ ಹೊತ್ತು ಹುಡುಕುತ್ತಿದ್ದದ್ದು ತಮ್ಮ ಕನ್ನಡಕವನ್ನು. ಕೊಟೇಶನ್ನನ್ನು ಅವರಿನ್ನೂ ಓದಿರುವುದಿಲ್ಲ. ನೂರು ರೂಪಾಯಿಯ ಮಾಲಿನಲ್ಲಿ ಹದಿನೈದು ರೂಪಾಯಿ ಲಾಭವಿದ್ದು, ಅದರಲ್ಲಿ ಹತ್ತನ್ನು ಬಿಟ್ಟುಕೊಟ್ಟ ಮೇಲೆ, ಮೊದಲಿನಷ್ಟೇ ಲಾಭ ಕಾಣಲು ಮೂರು ಪಟ್ಟು ಮಾಲು ಮಾರಬೇಕಾಗುತ್ತದೆ. ಈ ಗಣಿತ ಮಾಲೀಕರಿಗೆ ಗೊತ್ತಿಲ್ಲವೆಂದಲ್ಲ. ಅದು ನೆನಪಾಗುವುದು ಹಿಂತಿರುಗುವಾಗ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ.

ಉದ್ದರಿಯ ವಿಷಯದಲ್ಲಿ ಇವರ ಧಾರಾಳತನಕ್ಕೆ ಕಾನೂನೇ ಸೋತಿದೆ. ಸಣ್ಣ ಉದ್ಯಮದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಲೆಕ್ಕದ ಚಕ್ರಬಡ್ಡಿಯಾಗಿ ತೆರಬೇಕೆಂದೂ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಈ ರಕ್ಷಣೆಗೆ ಆಧಾರವಾದ ಉದ್ಯಮ್ ನೋಂದಣಿ ಸಂಖ್ಯೆಯನ್ನು ಮಾಲೀಕರು ಬಿಲ್ಲಿನ ಮೇಲೆ ದಪ್ಪಕ್ಷರದಲ್ಲೇ ಅಚ್ಚು ಹಾಕಿಸಿರುತ್ತಾರೆ. ಆದರೆ ಬಡ್ಡಿಯಿರಲಿ, ಅಸಲನ್ನು ಕೇಳುವುದಕ್ಕೂ “ಪಾರ್ಟಿ ಬೇಜಾರಾಗ್ತಾರೆ” ಎಂದು ಹಿಂಜರಿದು, ಹಬ್ಬಕ್ಕೆ ಆ ಪಾರ್ಟಿಗೇ ಸ್ವೀಟ್ ಬಾಕ್ಸ್ ಕಳಿಸುತ್ತಾರೆ. ಇತ್ತ ಕಾರ್ಮಿಕರ ಸಂಬಳವನ್ನು ಬ್ಯಾಂಕಿನ ಓಡಿ ಖಾತೆಯಿಂದ, ಅಂದರೆ ಬಡ್ಡಿ ಕಟ್ಟಿ ತೆಗೆದ ಹಣದಿಂದ, ಕೊಡುತ್ತಾರೆ.

ಇವರನ್ನು ಮೂರ್ಖರೆಂದು ತೀರ್ಮಾನಿಸುವುದು ಮಾತ್ರ ತಪ್ಪಾದೀತು. ಡ್ರಾಯಿಂಗ್ ಕೈಗೆ ಬಂದ ಕ್ಷಣವೇ ಯಾವ ಅಳತೆ ಕೈಕೊಡುತ್ತದೆಂದು ಹೇಳಬಲ್ಲ ಇವರ ಅನುಭವವನ್ನೂ, ಹೇಳಿದ ದಿನಕ್ಕೆ ಮಾಲು ಕೊಡುವ ಇವರ ಮಾತನ್ನೂ ನಂಬಿಯೇ ಮೊದಲ ಗಿರಾಕಿಗಳು ಬಂದದ್ದು, ಕಂಪನಿ ನಿಂತದ್ದು. ಆದರೆ ಒಬ್ಬರು ತಿರುಗಿ ಮುಗಿಸಬಹುದಾದಷ್ಟು ಗಿರಾಕಿಗಳಿಂದಾಚೆಗೆ ಕಂಪನಿ ಬೆಳೆಯದಿರುವುದಕ್ಕೂ ಅದೇ ಕಾರಣ; ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಹುಡುಗನನ್ನು ಕುರಿತು “ಈಗಿನವರಿಗೆ ಸೇಲ್ಸ್ ಬರಲ್ಲ” ಎನ್ನುವಾಗ, ಆತನಿಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲವೆಂಬುದು ಇವರಿಗೆ ಹೊಳೆಯುವುದಿಲ್ಲ. ಬೆಳೆಯುವ ಕಂಪನಿಗೆ ಮೂರು ಸಂಗತಿಗಳು ಬರಹದಲ್ಲಿರಬೇಕು: ಇಳಿಸಬಾರದ ಕನಿಷ್ಠ ರೇಟು, ಉದ್ದರಿಯ ಗಡುವು, ಗಿರಾಕಿಗಳ ಪೂರ್ಣ ವಿವರ. ಈ ನಿಯಮಗಳನ್ನು ಹುಡುಗರಿಗೆ ಓದಿ ಹೇಳುವ ಮೊದಲು ಮಾಲೀಕರು ತಾವೇ ಕೆಳಗೆ ಸಹಿ ಹಾಕುವುದು ಒಳ್ಳೆಯದು.